ಒಂದೇ ದ್ರಾಕ್ಷಿ, ನಾಲ್ಕು ಬಗೆಯ ವೈನು: ಶೆನಿನ್ ಬ್ಲಾಂ ತಳಿ ಮತ್ತು ರೋಣ, ನರಗುಂದ, ಗಜೇಂದ್ರಗಡದ ಲೆಕ್ಕಾಚಾರ

ರೋಣ, ನರಗುಂದ ಮತ್ತು ಗಜೇಂದ್ರಗಡದ ಪೇಟೆಗಳು ಕಡಲೆ, ಹೆಸರು, ಹತ್ತಿ, ಸೂರ್ಯಕಾಂತಿ, ಮೆಣಸಿನಕಾಯಿ ಹಾಗೂ ಉಳ್ಳಾಗಡ್ಡಿಯ ವ್ಯಾಪಾರವನ್ನು ಚೆನ್ನಾಗಿ ಬಲ್ಲವು. ಈ ಸರಕುಗಳಿಗೆ ಒಂದು ಸಮಾನ ಗುಣವಿದೆ. ಮಾಲು ಕೈಗೆ ಬಂದ ಮೇಲೆ ಅದನ್ನು ಇಂದು ಮಾರಬಹುದು, ದರ ಸರಿಯಿಲ್ಲವೆಂದರೆ ಕೆಲವು ದಿನ ತಡೆದು ಮಾರಬಹುದು, ಒಬ್ಬ ಖರೀದಿದಾರ ಒಪ್ಪದಿದ್ದರೆ ಮತ್ತೊಬ್ಬನಿಗೆ ತೋರಿಸಬಹುದು. ವೈನು ತಯಾರಿಕೆಗೆಂದೇ ಬೆಳೆಯುವ ದ್ರಾಕ್ಷಿಗೆ ಈ ಮೂರೂ ಸೌಕರ್ಯಗಳಿಲ್ಲ. ಅದು ಕೊಯ್ದ ದಿನವೇ ಕಾರ್ಖಾನೆ ಸೇರಬೇಕು. ಅದರ ಖರೀದಿದಾರರು ಬೆರಳೆಣಿಕೆಯಷ್ಟು. ಅದರ ಬೆಲೆ ತೂಕಕ್ಕಿಂತ ಹೆಚ್ಚಾಗಿ ರಸದೊಳಗಿನ ಸಕ್ಕರೆ ಮತ್ತು ಹುಳಿಯ ಪ್ರಮಾಣವನ್ನು ಅವಲಂಬಿಸಿದೆ.

ಸಮೀಪದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ದ್ರಾಕ್ಷಿಯು ದೊಡ್ಡ ಬೆಳೆಯಾಗಿದೆ. ಗಜೇಂದ್ರಗಡದ ಗಡಿಗೆ ಹೊಂದಿರುವ ಕೊಪ್ಪಳ ಜಿಲ್ಲೆಯಲ್ಲಿ ವೈನ್ ದ್ರಾಕ್ಷಿಯ ತೋಟವೂ ಅದರದೇ ವೈನರಿಯೂ ಇವೆ. ಹೀಗಿರುವಾಗ ಈ ಮೂರು ತಾಲೂಕುಗಳಲ್ಲಿ ಅದೇ ಉದ್ಯಮ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಸಹಜವಾದುದು. ಈ ಪ್ರಶ್ನೆಗೆ ಉತ್ತರಿಸಲು ಎರಡು ಸಂಗತಿಗಳನ್ನು ತಿಳಿಯಬೇಕಾಗುತ್ತದೆ. ಮೊದಲನೆಯದು, ಹವಾಮಾನವು ದ್ರಾಕ್ಷಿಯ ಮೇಲೆ ಏನು ಮಾಡುತ್ತದೆ ಎಂಬುದು. ಎರಡನೆಯದು, ತಯಾರಿಕೆಯ ವಿಧಾನವು ಅದೇ ದ್ರಾಕ್ಷಿಯನ್ನು ಹೇಗೆ ಬೇರೆ ಬೇರೆ ಸರಕುಗಳನ್ನಾಗಿ ಮಾರ್ಪಡಿಸುತ್ತದೆ ಎಂಬುದು. ಭಾರತದಲ್ಲಿ ಬಿಳಿ ವೈನಿಗಾಗಿ ವ್ಯಾಪಕವಾಗಿ ಬೆಳೆಯಲಾಗುತ್ತಿರುವ ಶೆನಿನ್ ಬ್ಲಾಂ ಎಂಬ ತಳಿಯನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಎರಡೂ ಸ್ಪಷ್ಟವಾಗುತ್ತವೆ.

ಹಿನ್ನೆಲೆ

ಕರ್ನಾಟಕದಲ್ಲಿ ಆಧುನಿಕ ವೈನ್ ಉದ್ಯಮದ ಆರಂಭ ನಂದಿಬೆಟ್ಟದ ಅಡಿಯಲ್ಲಿ ಆಯಿತು. ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಳಿಗಳ ಮೇಲೆ ಹಲವು ವರ್ಷ ಪ್ರಯೋಗ ನಡೆಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದರು. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿಯನ್ನು ಪ್ರಕಟಿಸಿತು. ನಾಸಿಕ್ ಪ್ರದೇಶ ದೇಶದ ವೈನ್ ಕೇಂದ್ರವಾಗಿ ಬೆಳೆಯಿತು. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಹಾಗೂ ದ್ರಾಕ್ಷಾರಸ ನೀತಿಯನ್ನು ಜಾರಿಗೆ ತಂದು, ಉದ್ಯಮದ ಬೆಳವಣಿಗೆಗಾಗಿ ಪ್ರತ್ಯೇಕ ಮಂಡಳಿಯನ್ನು ರಚಿಸಿತು. ರಾಜ್ಯದ ವೈನ್ ಪ್ರದೇಶಗಳನ್ನು ಗುರುತಿಸುವಾಗ ನಂದಿ ಕಣಿವೆ, ಕಾವೇರಿ ಕಣಿವೆಗಳೊಂದಿಗೆ ಕೃಷ್ಣಾ ಕಣಿವೆಯನ್ನೂ ಹೆಸರಿಸಲಾಗುತ್ತದೆ. ನರಗುಂದ ಮತ್ತು ರೋಣ ಭಾಗದ ಹೊಲಗಳಿಗೆ ನೀರುಣಿಸುವ ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿಯಾದುದರಿಂದ, ಭೂಗೋಳದ ದೃಷ್ಟಿಯಿಂದ ಈ ತಾಲೂಕುಗಳು ಅದೇ ಕಣಿವೆಯ ಭಾಗವೇ ಆಗಿವೆ. ಆದರೆ ನಕ್ಷೆಯಲ್ಲಿ ಒಂದೇ ಕಣಿವೆಯಾದ ಮಾತ್ರಕ್ಕೆ ಬೆಳೆಯೂ ಒಂದೇ ಆಗಬೇಕೆಂಬ ನಿಯಮವಿಲ್ಲ.

ತಳಿಯ ಪರಿಚಯ

ಶೆನಿನ್ ಬ್ಲಾಂ ಫ್ರಾನ್ಸ್ ದೇಶದ ಲ್ವಾರ್ ನದಿ ಕಣಿವೆಯ ತಳಿ. ಅದು ಸುಮಾರು 47 ಡಿಗ್ರಿ ಉತ್ತರ ಅಕ್ಷಾಂಶದ ತಂಪು ಪ್ರದೇಶ. ಅಲ್ಲಿಂದ ಈ ಬಳ್ಳಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಅಲ್ಲಿ ‘ಸ್ಟೀನ್’ ಎಂಬ ಹೆಸರಿನಿಂದ ಶತಮಾನಗಳ ಕಾಲ ಬೆಳೆಯಿತು. ಸ್ಟೀನ್ ಮತ್ತು ಶೆನಿನ್ ಬ್ಲಾಂ ಎರಡೂ ಒಂದೇ ಎಂಬುದು ಅಲ್ಲಿನ ವಿಜ್ಞಾನಿಗಳಿಗೆ ಖಚಿತವಾದದ್ದು 1960ರ ದಶಕದಲ್ಲಿ. ಇಂದು ಜಗತ್ತಿನಲ್ಲಿ ಈ ತಳಿಯ ಅತಿ ಹೆಚ್ಚು ವಿಸ್ತೀರ್ಣ ಇರುವುದು ದಕ್ಷಿಣ ಆಫ್ರಿಕಾದಲ್ಲಿ.

ಭಾರತದ ಬೆಳೆಗಾರರು ಈ ತಳಿಯನ್ನು ಒಪ್ಪಿಕೊಳ್ಳಲು ಮುಖ್ಯ ಕಾರಣ ಅದರ ಹುಳಿ. ಬಿಸಿ ಪ್ರದೇಶದಲ್ಲಿ ಬಹುತೇಕ ತಳಿಗಳು ಮಾಗುವಾಗ ಹುಳಿಯನ್ನು ಬೇಗ ಕಳೆದುಕೊಳ್ಳುತ್ತವೆ. ಶೆನಿನ್ ಬ್ಲಾಂ ಅವುಗಳಿಗಿಂತ ಹೆಚ್ಚು ಉಳಿಸಿಕೊಳ್ಳುತ್ತದೆ. ಇಳುವರಿಯೂ ತೃಪ್ತಿಕರ. ಇದರ ದೋಷಗಳೂ ಇವೆ. ಗೊಂಚಲು ಬಿಗಿಯಾಗಿರುವುದರಿಂದ ಮಳೆ ಬಂದರೆ ಒಳಗಿನ ಹಣ್ಣು ಕೊಳೆಯುತ್ತದೆ. ಒಂದೇ ತೋಟದಲ್ಲಿ, ಕೆಲವೊಮ್ಮೆ ಒಂದೇ ಗೊಂಚಲಿನಲ್ಲಿಯೂ ಹಣ್ಣುಗಳು ಏಕಕಾಲಕ್ಕೆ ಮಾಗುವುದಿಲ್ಲ.

ವಿಜಯಪುರ ಭಾಗದಲ್ಲಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಹಾಗೂ ಅದರಿಂದ ಬಂದ ತಳಿಗಳು ತಿನ್ನಲಿಕ್ಕೂ ಒಣದ್ರಾಕ್ಷಿಗೂ ಉತ್ತಮ. ಆದರೆ ಅವುಗಳ ರಸದಲ್ಲಿ ಸುವಾಸನೆ ಕಡಿಮೆಯಾದ್ದರಿಂದ ಅದರ ವೈನು ಸಪ್ಪೆಯಾಗುತ್ತದೆ. ಶೆನಿನ್ ಬ್ಲಾಂನ ಸ್ಥಿತಿ ಇದಕ್ಕೆ ವಿರುದ್ಧ. ಅದರ ಹಣ್ಣು ಚಿಕ್ಕದು, ಬೀಜವುಳ್ಳದ್ದು. ತಿನ್ನುವ ಹಣ್ಣಾಗಿ ಪೇಟೆಯಲ್ಲಿ ಅದಕ್ಕೆ ಬೇಡಿಕೆಯಿಲ್ಲ, ಒಣದ್ರಾಕ್ಷಿಗೂ ಹೊಂದುವುದಿಲ್ಲ. ಥಾಮ್ಸನ್ ಬೆಳೆದ ರೈತನಿಗೆ ಎರಡು ದಾರಿಗಳಿದ್ದರೆ ಶೆನಿನ್ ಬೆಳೆದವನಿಗೆ ಒಂದೇ ದಾರಿ. ಈ ಲೇಖನದ ಮುಂದಿನ ಎಲ್ಲ ಮಾತಿಗೂ ಇದೇ ಆಧಾರ.

ಹವಾಮಾನದ ಕೆಲಸ

ದ್ರಾಕ್ಷಿ ಮಾಗುವಾಗ ಮೂರು ಬದಲಾವಣೆಗಳು ಜೊತೆಜೊತೆಯಾಗಿ ನಡೆಯುತ್ತವೆ. ಬಿಸಿಲಿನಲ್ಲಿ ಎಲೆಗಳು ತಯಾರಿಸಿದ ಸಕ್ಕರೆ ಹಣ್ಣಿಗೆ ಬಂದು ಸೇರುತ್ತದೆ. ಹಣ್ಣಿನೊಳಗಿನ ಹುಳಿ ಇಳಿಯುತ್ತದೆ. ಸಿಪ್ಪೆಯ ಬಳಿ ಸುವಾಸನೆಯ ಅಂಶಗಳು ಕೂಡುತ್ತವೆ. ಈ ಮೂರೂ ಒಂದೇ ವೇಗದಲ್ಲಿ ನಡೆಯುವುದಿಲ್ಲ ಎಂಬುದೇ ವೈನ್ ದ್ರಾಕ್ಷಿಯ ಕಷ್ಟ.

ದ್ರಾಕ್ಷಿಯಲ್ಲಿ ಮುಖ್ಯವಾಗಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಎಂಬ ಎರಡು ಆಮ್ಲಗಳಿವೆ. ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕಾಗಿ ಬಳಸಿಕೊಳ್ಳುತ್ತದೆ. ವಾತಾವರಣ ಬಿಸಿಯಾದಷ್ಟೂ ಅದು ಬೇಗ ಖರ್ಚಾಗುತ್ತದೆ. ರಾತ್ರಿ ತಂಪಾಗಿದ್ದರೆ ಈ ಖರ್ಚು ತಗ್ಗುತ್ತದೆ. ಆದುದರಿಂದ ಬಿಳಿ ವೈನಿನ ತಾಜಾತನಕ್ಕೆ ಹಗಲಿನ ಬಿಸಿಲಿಗಿಂತ ರಾತ್ರಿಯ ತಂಪು ಹೆಚ್ಚು ಮುಖ್ಯವೆನ್ನಬಹುದು. ಲ್ವಾರ್ ಕಣಿವೆಯಲ್ಲಿ ತಂಪಿನ ವರ್ಷ ಬಂದರೆ ಹಣ್ಣು ಪೂರ್ತಿ ಮಾಗದೆ ಹುಳಿಯಾಗಿ ಉಳಿಯುತ್ತದೆ. ಅಂಥ ಹಣ್ಣನ್ನು ನೊರೆಯುಕ್ಕುವ ವೈನಿಗೆ ಬಳಸುತ್ತಾರೆ. ಬೆಚ್ಚಗಿನ ವರ್ಷದಲ್ಲಿ ಅದೇ ತೋಟದಿಂದ ಸಿಹಿ ವೈನು ಬರುತ್ತದೆ. ಅಲ್ಲಿ ವೈನಿನ ಬಗೆಯನ್ನು ನಿರ್ಧರಿಸುವುದು ಆಯಾ ವರ್ಷದ ಹವೆ. ದಖ್ಖನಿನಲ್ಲಿ ಸಕ್ಕರೆಗೆ ಎಂದೂ ಕೊರತೆಯಿಲ್ಲ. ಹುಳಿ ಉಳಿಯುವುದೇ ಪ್ರಶ್ನೆ. ಆದುದರಿಂದ ಇಲ್ಲಿ ವೈನಿನ ಬಗೆಯನ್ನು ನಿರ್ಧರಿಸುವುದು ಕೊಯ್ಲಿನ ದಿನಾಂಕ.

ಮೂರು ತಾಲೂಕುಗಳ ಹವೆ

ತಂಪು ದೇಶಗಳಲ್ಲಿ ಚಳಿಗಾಲ ಬಂದಾಗ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ. ದಖ್ಖನಿನಲ್ಲಿ ಬಳ್ಳಿಗೆ ಆ ವಿಶ್ರಾಂತಿಯಿಲ್ಲ. ಹೀಗಾಗಿ ಇಲ್ಲಿ ವರ್ಷಕ್ಕೆ ಎರಡು ಬಾರಿ ಸವರಬೇಕಾಗುತ್ತದೆ. ಬೆಳೆಗಾರರು ಇದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಸುಮಾರಿಗೆ ಮಾಡುವ ಚಾಟ್ನಿ ಹೊಸ ಕಡ್ಡಿಗಳಿಗಾಗಿ. ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಚಾಟ್ನಿ ಫಸಲಿಗಾಗಿ. ಎರಡನೆಯದರ ನಂತರ ಹೂವು, ಕಾಯಿ ಬಂದು ಫೆಬ್ರುವರಿ–ಮಾರ್ಚ್ ವೇಳೆಗೆ ಕೊಯ್ಲಾಗುತ್ತದೆ.

ಈ ಪಂಚಾಂಗವನ್ನು ಗದಗ ಜಿಲ್ಲೆಯ ಮಳೆಗೆ ಹೊಂದಿಸಿ ನೋಡಬೇಕು. ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ದ್ರಾಕ್ಷಿಗೆ ಒಣ ಹವೆ ಒಳ್ಳೆಯದೇ. ಆದರೆ ಆ ಮಳೆಯ ಒಂದು ದೊಡ್ಡ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿಯೇ ಬೀಳುತ್ತದೆ. ಕಡಲೆ ಬಿತ್ತುವವನಿಗೆ ಈ ಹಿಂಗಾರು ಮಳೆ ವರ. ಚಾಟ್ನಿ ಮಾಡಿದ ದ್ರಾಕ್ಷಿ ಬೆಳೆಗಾರನಿಗೆ ಅದೇ ಶಾಪ. ಎಳೆಯ ಚಿಗುರು ಮತ್ತು ಹೂವಿನ ಮೇಲೆ ಮಳೆ ಬಿದ್ದರೆ ಡೌನಿ ಎಂದು ಕರೆಯುವ ಬೂಜು ರೋಗ ಕೆಲವೇ ದಿನಗಳಲ್ಲಿ ಹರಡುತ್ತದೆ. ಮಳೆ ಮುಗಿಯಲೆಂದು ಚಾಟ್ನಿಯನ್ನು ಅಕ್ಟೋಬರ್ ಕೊನೆಗೆ ಮುಂದೂಡಿದರೆ ಹಣ್ಣು ಮಾಗುವುದು ಮಾರ್ಚ್ ತಿಂಗಳಲ್ಲಿ. ಆ ಹೊತ್ತಿಗೆ ಬಿಸಿಲು ಏರಿರುತ್ತದೆ, ರಾತ್ರಿಯೂ ತಂಪಾಗಿರುವುದಿಲ್ಲ, ಹುಳಿ ಕರಗಿಹೋಗುತ್ತದೆ. ಬೇಗ ಸವರಿದರೆ ರೋಗ, ತಡವಾಗಿ ಸವರಿದರೆ ಸಪ್ಪೆ ರಸ. ಇವೆರಡರ ನಡುವೆ ಇರುವುದು ಕೆಲವೇ ವಾರಗಳ ಅಂತರ. ಈ ಮೂರು ತಾಲೂಕುಗಳಲ್ಲಿ ಬಿಳಿ ವೈನ್ ದ್ರಾಕ್ಷಿಯ ಭವಿಷ್ಯ ಈ ಕೆಲವು ವಾರಗಳ ಮೇಲೆಯೇ ನಿಂತಿದೆ.

ನಾಸಿಕ್‌ನೊಂದಿಗೆ ಹೋಲಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಸಮುದ್ರಮಟ್ಟದಿಂದ ಎತ್ತರದಲ್ಲಿ ನಾಸಿಕ್ ಮತ್ತು ಗಜೇಂದ್ರಗಡಗಳ ನಡುವೆ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಸುಮಾರು 600 ಮೀಟರ್ ಆಸುಪಾಸಿನಲ್ಲಿವೆ. ಆದರೆ ನಾಸಿಕ್ 20 ಡಿಗ್ರಿ ಅಕ್ಷಾಂಶದಲ್ಲಿದ್ದರೆ ಗಜೇಂದ್ರಗಡ 16 ಡಿಗ್ರಿಗಿಂತ ಕೆಳಗಿದೆ. ನಾಸಿಕ್‌ನಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳು ಹೆಚ್ಚು ಚಳಿಯುಳ್ಳವು. ಮಳೆಯೂ ಅಲ್ಲಿ ಮೊದಲೇ ಹಿಂದೆ ಸರಿಯುತ್ತದೆ. ನಂದಿಬೆಟ್ಟದ ತಪ್ಪಲು ಇನ್ನೂ ದಕ್ಷಿಣಕ್ಕಿದ್ದರೂ ಅಲ್ಲಿ 900 ಮೀಟರ್ ಎತ್ತರವು ತಂಪನ್ನು ಒದಗಿಸುತ್ತದೆ. ರೋಣ, ನರಗುಂದಗಳಿಗೆ ಅಕ್ಷಾಂಶದ ನೆರವೂ ಇಲ್ಲ, ಎತ್ತರದ ನೆರವೂ ಇಲ್ಲ. ಹಾಗೆಂದು ಕೈಬಿಡಬೇಕಾಗಿಯೂ ಇಲ್ಲ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಭಾಗ ಬಿಸಿಲಿಗೆ ಹೆಸರಾದುದು. ಅಲ್ಲಿ 2007ರಲ್ಲಿ ಆರಂಭವಾದ ಫ್ರಾತೆಲ್ಲಿ ಸಂಸ್ಥೆಯು ಶೆನಿನ್ ಬ್ಲಾಂ ಸೇರಿದಂತೆ ಬಿಳಿ ತಳಿಗಳನ್ನು ಬೆಳೆಯುತ್ತಿದೆ. ಕೊಪ್ಪಳ ಜಿಲ್ಲೆಯ ಕೃಷ್ಮಾ ಎಸ್ಟೇಟ್ಸ್, ತನ್ನ ತೋಟವನ್ನು ‘ಹಂಪಿ ಹಿಲ್ಸ್’ ಎಂಬ ಹೆಸರಿನಿಂದ ಗುರುತಿಸಿಕೊಂಡು, ಸೊವಿನ್ಯೋನ್ ಬ್ಲಾಂ ಎಂಬ ಮತ್ತೊಂದು ಬಿಳಿ ತಳಿಯ ವೈನನ್ನು ಮಾರುಕಟ್ಟೆಗೆ ತಂದಿದೆ. ಬಿಸಿ ನೆಲದಲ್ಲಿ ಬಿಳಿ ದ್ರಾಕ್ಷಿ ಅಸಾಧ್ಯವಲ್ಲ, ಆದರೆ ಅಲ್ಲಿ ತಪ್ಪಿಗೆ ಅವಕಾಶ ಕಡಿಮೆ.

ಎರೆ ಮತ್ತು ಮಸಾರಿ

ನರಗುಂದ ಹಾಗೂ ರೋಣದ ಬಹುಭಾಗ ಆಳವಾದ ಎರೆಭೂಮಿ. ಈ ಮಣ್ಣು ನೀರನ್ನು ಬಹುಕಾಲ ಹಿಡಿದಿಡುತ್ತದೆ. ಅದರಿಂದಲೇ ಹಿಂಗಾರಿ ಬಿಳಿಜೋಳ, ಕಡಲೆಗಳು ಬರುತ್ತವೆ. ದ್ರಾಕ್ಷಿಗೆ ಈ ಗುಣ ಅಷ್ಟು ಹಿತಕರವಲ್ಲ. ನೀರು ಹೆಚ್ಚಾದರೆ ಬಳ್ಳಿ ಎಲೆಗಳನ್ನೇ ಬೆಳೆಸುತ್ತಾ ಹೋಗುತ್ತದೆ, ಹಣ್ಣು ನೆರಳಿನಲ್ಲಿ ಉಳಿದು ಸುವಾಸನೆ ಕೂಡುವುದಿಲ್ಲ. ಎರೆಮಣ್ಣು ಸಾಮಾನ್ಯವಾಗಿ ಕ್ಷಾರಗುಣದ್ದು, ಅದರಲ್ಲಿ ಪೊಟ್ಯಾಶ್ ಹೇರಳ. ಬಳ್ಳಿ ಪೊಟ್ಯಾಶನ್ನು ಹೆಚ್ಚಾಗಿ ಹೀರಿದರೆ ಅದು ಹಣ್ಣಿನ ಟಾರ್ಟಾರಿಕ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಬಿಸಿಲಿನಿಂದ ಒಂದು ಆಮ್ಲ, ಮಣ್ಣಿನಿಂದ ಇನ್ನೊಂದು ಆಮ್ಲ, ಹೀಗೆ ಎರಡೂ ಕಡೆಯಿಂದ ನಷ್ಟ. ಹುಳಿ ಕಡಿಮೆಯಾದ ರಸ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ, ಕೆಡದಂತೆ ಹಾಕುವ ಗಂಧಕದ ಅಂಶವೂ ಅದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಗಜೇಂದ್ರಗಡದ ಗುಡ್ಡಗಳ ಸುತ್ತ, ಕುಷ್ಟಗಿಯ ಕಡೆಗೆ ಹೋದಂತೆ, ಕೆಂಪು ಗರಸು ಬೆರೆತ ಮಸಾರಿ ನೆಲ ಸಿಗುತ್ತದೆ. ನೀರು ನಿಲ್ಲದ ಇಂಥ ಇಳಿಜಾರು ವೈನ್ ದ್ರಾಕ್ಷಿಗೆ ಹೆಚ್ಚು ಸೂಕ್ತ. ಗುಡ್ಡದ ಮೇಲಿನ ಗಾಳಿಯಂತ್ರಗಳೇ ತೋರಿಸುವಂತೆ ಅಲ್ಲಿ ಗಾಳಿಯೂ ಜೋರು. ಅದು ಎಲೆಯ ಮೇಲಿನ ತೇವವನ್ನು ಬೇಗ ಒಣಗಿಸಿ ರೋಗವನ್ನು ತಗ್ಗಿಸುತ್ತದೆ, ಆದರೆ ನೀರಿನ ಅಗತ್ಯವನ್ನು ಹೆಚ್ಚಿಸುತ್ತದೆ. ಎಲ್ಲಿಯೇ ನೆಟ್ಟರೂ ಡಾಗ್‌ರಿಡ್ಜ್ ಅಥವಾ 110 ರಿಕ್ಟರ್‌ನಂಥ ಬೇರುಸಸಿಯ ಮೇಲೆ ಕಸಿ ಮಾಡಿದ ಬಳ್ಳಿಯನ್ನೇ ನೆಡುವುದು ವಾಡಿಕೆ. ಯಾವ ಬೇರುಸಸಿ ಎಂಬುದನ್ನು ಮಣ್ಣು ಮತ್ತು ನೀರಿನ ಪರೀಕ್ಷೆಯ ನಂತರವೇ ನಿರ್ಧರಿಸಬೇಕು.

ನೀರಿನ ವಿಷಯದಲ್ಲಿ ಈ ಭಾಗದ ಜನರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ನವಿಲುತೀರ್ಥದ ಜಲಾಶಯ ಎಲ್ಲ ವರ್ಷ ತುಂಬುವುದಿಲ್ಲ. ಮಹದಾಯಿ ನೀರಿಗಾಗಿ 2015ರಿಂದ ನರಗುಂದದಲ್ಲಿ ನಡೆದ ದೀರ್ಘ ಹೋರಾಟ ರಾಜ್ಯಕ್ಕೆಲ್ಲ ತಿಳಿದಿದೆ. ದ್ರಾಕ್ಷಿಗೆ ಮಳೆಗಾಲದ ಕಾಲುವೆ ನೀರಿಗಿಂತ ನವೆಂಬರ್‌ನಿಂದ ಮೇ ತಿಂಗಳವರೆಗಿನ ಹನಿ ನೀರು ಬೇಕು. ಕೃಷಿಹೊಂಡ ಅಥವಾ ಭರವಸೆಯ ಕೊಳವೆಬಾವಿ ಇಲ್ಲದವರು ಈ ಬೆಳೆಯ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುವುದು ಲೇಸು.

ತಯಾರಿಕೆಯ ನಾಲ್ಕು ವಿಧಾನಗಳು

ಹಣ್ಣು ತೋಟದಿಂದ ಬಂದ ಮೇಲೆ ವೈನರಿಯ ಕೆಲಸ. ರಸದ ಪ್ರತಿ ಲೀಟರಿನಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರವಾಗುತ್ತದೆ. ಲೀಟರಿಗೆ 204 ಗ್ರಾಂ ಸಕ್ಕರೆಯಿದ್ದ ರಸ ಪೂರ್ತಿ ಹುದುಗಿದರೆ ಶೇಕಡಾ 12ರ ಒಣ ವೈನು. 17 ಗ್ರಾಂ ಉಳಿದಿರುವಾಗಲೇ ತಡೆದರೆ ಶೇಕಡಾ 11ರ ಕೊಂಚ ಸಿಹಿ ವೈನು. ಈ ಸರಳ ಲೆಕ್ಕದ ಮೇಲೆ ಶೆನಿನ್ ಬ್ಲಾಂನಿಂದ ನಾಲ್ಕು ಬಗೆಯ ಸರಕುಗಳು ಹೊರಡುತ್ತವೆ.

ಮೊದಲನೆಯದು ಉಕ್ಕಿನ ತೊಟ್ಟಿಯ ವೈನು. ನಸುಕಿನಲ್ಲಿ ಕೊಯ್ದ ಹಣ್ಣನ್ನು ತಣ್ಣಗಿಟ್ಟು ಹಿಂಡಿ, ರಸವನ್ನು ತಿಳಿಯಾಗಿಸಿ, ತುಕ್ಕು ಹಿಡಿಯದ ಉಕ್ಕಿನ ತೊಟ್ಟಿಯಲ್ಲಿ 12ರಿಂದ 16 ಡಿಗ್ರಿ ಉಷ್ಣತೆಯಲ್ಲಿ ಎರಡು–ಮೂರು ವಾರ ಹುದುಗಿಸಲಾಗುತ್ತದೆ. ಹುದುಗುವಿಕೆ ತಾನೇ ಶಾಖವನ್ನು ಹುಟ್ಟಿಸುವುದರಿಂದ, ತಂಪು ಮಾಡದಿದ್ದರೆ ತೊಟ್ಟಿ 30 ಡಿಗ್ರಿ ದಾಟಿ ಸುವಾಸನೆ ಹಾರಿಹೋಗುತ್ತದೆ. ಹಣ್ಣಿನ ಕಂಪಿನ, ತಾಜಾ ವೈನು ಇದು. ಭಾರತದಲ್ಲಿ ಇದನ್ನು ಸ್ವಲ್ಪ ಸಿಹಿ ಉಳಿಸಿ ಮಾರುವುದು ಹೆಚ್ಚು. ಸಿಹಿಯಿದ್ದರೆ ಹೊಸ ಗ್ರಾಹಕರು ಒಪ್ಪುತ್ತಾರೆ, ಖಾರದ ಊಟಕ್ಕೂ ಹೊಂದುತ್ತದೆ. ನಾಸಿಕ್‌ನ ಸುಲಾ ಸಂಸ್ಥೆ 2000ದಲ್ಲಿ ಮಾರುಕಟ್ಟೆಗೆ ತಂದ ಮೊದಲ ವೈನುಗಳಲ್ಲಿ ಶೆನಿನ್ ಬ್ಲಾಂ ಒಂದಾಗಿತ್ತು. ಫೆಬ್ರುವರಿಯಲ್ಲಿ ಕೊಯ್ದ ಹಣ್ಣು ನಾಲ್ಕರಿಂದ ಆರು ತಿಂಗಳಲ್ಲಿ ಬಾಟಲಿಯಾಗಿ ಮಾರಾಟಕ್ಕೆ ಸಿದ್ಧವಾಗುತ್ತದೆ.

ಎರಡನೆಯದು ಓಕ್ ಮರದ ಪೀಪಾಯಿಯ ವೈನು. ಹೆಚ್ಚು ಮಾಗಿದ, ಕಡಿಮೆ ಇಳುವರಿಯ ತೋಟದ ಹಣ್ಣು ಇದಕ್ಕೆ ಬೇಕು. ಸುಮಾರು 225 ಲೀಟರ್ ಹಿಡಿಯುವ ಪೀಪಾಯಿಗಳು ಆಮದಾಗಿ ಬರುತ್ತವೆ. ಕೆಲವು ವರ್ಷಗಳ ಬಳಕೆಯ ನಂತರ ಮರದ ಪರಿಮಳ ಮುಗಿಯುತ್ತದೆ. ವೈನು ದಪ್ಪವಾಗಿ, ಬಹುಕಾಲ ಬಾಳುತ್ತದೆ. ಬಂಡವಾಳವೂ ಅಷ್ಟೇ ಕಾಲ ಸಿಕ್ಕಿಕೊಂಡಿರುತ್ತದೆ.

ಮೂರನೆಯದು ನೊರೆಯುಕ್ಕುವ ವೈನು. ಇದಕ್ಕೆ ಹಣ್ಣನ್ನು ಬೇಗ, ಸಕ್ಕರೆ ಕಡಿಮೆ ಹಾಗೂ ಹುಳಿ ಹೆಚ್ಚು ಇರುವಾಗಲೇ ಕೊಯ್ಯುತ್ತಾರೆ. ನಂತರ ಬಾಟಲಿಯೊಳಗೆ ಎರಡನೆಯ ಬಾರಿ ಹುದುಗಿಸಿ ತಿಂಗಳುಗಟ್ಟಲೆ ಇಡಬೇಕು. ಶಾಂದೋನ್ ಸಂಸ್ಥೆ 2013ರಲ್ಲಿ ಭಾರತದಲ್ಲಿ ಬಿಡುಗಡೆ ಮಾಡಿದ ನೊರೆ ವೈನಿನಲ್ಲಿ ಶೆನಿನ್ ಬ್ಲಾಂ ಬಳಸಿತು. ಬಿಸಿ ಪ್ರದೇಶಕ್ಕೆ ಈ ವಿಧಾನದಲ್ಲಿ ಒಂದು ಅನುಕೂಲವಿದೆ: ಬಿಸಿಲು ಏರುವ ಮೊದಲೇ ಕೊಯ್ಲು ಮುಗಿಯುತ್ತದೆ. ಆದರೆ ಯಂತ್ರಸಾಮಗ್ರಿ ಮತ್ತು ಕೌಶಲ್ಯ ಎರಡೂ ದುಬಾರಿ.

ನಾಲ್ಕನೆಯದು ತಡ ಕೊಯ್ಲಿನ ಸಿಹಿ ವೈನು. ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟು, ನೀರಿನಂಶ ಇಳಿದು ಸಕ್ಕರೆ ಗಟ್ಟಿಯಾದ ಮೇಲೆ ಕೊಯ್ಯಲಾಗುತ್ತದೆ. ತೂಕ ಗಣನೀಯವಾಗಿ ಇಳಿಯುವುದರಿಂದ ಕಿಲೋ ಲೆಕ್ಕದಲ್ಲಿ ಮಾರುವ ರೈತನಿಗೆ ಬೆಲೆ ಹೆಚ್ಚಾಗಿ ಸಿಕ್ಕರೆ ಮಾತ್ರ ಇದು ಲಾಭ.

ಒಂದೇ ಬಳ್ಳಿಯ ಹಣ್ಣಿಗೆ ನಾಲ್ಕು ಕೊಯ್ಲಿನ ದಿನಾಂಕಗಳು, ನಾಲ್ಕು ತೂಕಗಳು, ನಾಲ್ಕು ಬಂಡವಾಳದ ಅವಧಿಗಳು ಹೀಗೆ ಏರ್ಪಡುತ್ತವೆ. ಯಾವ ಬಗೆಯ ವೈನು ಎಂಬುದು ಮೊದಲೇ ನಿರ್ಧಾರವಾಗದೆ ಬಳ್ಳಿ ನೆಡುವುದು, ಗಿರಾಕಿಯ ಅಳತೆ ಕೇಳದೆ ಬಟ್ಟೆ ಕತ್ತರಿಸಿದಂತೆ.

ಹಿಂದಿನ ಎರಡು ಪಾಠಗಳು

ದಕ್ಷಿಣ ಆಫ್ರಿಕಾದಲ್ಲಿ ಬಹುಕಾಲ ಈ ದ್ರಾಕ್ಷಿಯ ಹೆಚ್ಚಿನ ಪಾಲು ಬ್ರಾಂದಿ ಭಟ್ಟಿಗೆ ಹೋಗುತ್ತಿತ್ತು. ತಂಪು ಹುದುಗುವಿಕೆಯ ತಂತ್ರ ಬಂದ ಮೇಲೆ 1959ರಲ್ಲಿ ‘ಲೀಬರ್‌ಸ್ಟೈನ್’ ಎಂಬ ಕೊಂಚ ಸಿಹಿಯಾದ ಬಿಳಿ ವೈನು ಮಾರುಕಟ್ಟೆಗೆ ಬಂದಿತು. ಅದರ ಮುಖ್ಯ ಕಚ್ಚಾವಸ್ತು ಇದೇ ಶೆನಿನ್. ಮೊದಲ ವರ್ಷ 30 ಸಾವಿರ ಲೀಟರ್ ಇದ್ದ ಮಾರಾಟ 1964ರಲ್ಲಿ 3 ಕೋಟಿ 10 ಲಕ್ಷ ಲೀಟರಿಗೆ ಏರಿತು. ಹವೆಯಾಗಲಿ ಮಣ್ಣಾಗಲಿ ಆ ಐದು ವರ್ಷಗಳಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ತಯಾರಿಕೆಯ ವಿಧಾನ ಮಾತ್ರ.

ಎರಡನೆಯ ಪಾಠ ಹತ್ತಿರದ್ದು. ಮಹಾರಾಷ್ಟ್ರದಲ್ಲಿ 2001ರ ನೀತಿಯ ನಂತರ ವೈನರಿಗಳು ಹೆಚ್ಚಿದವು, ರೈತರು ಉತ್ಸಾಹದಿಂದ ವೈನ್ ತಳಿಗಳನ್ನು ನೆಟ್ಟರು. 2008ರ ಜಾಗತಿಕ ಆರ್ಥಿಕ ಕುಸಿತ ಹಾಗೂ ಅದೇ ವರ್ಷದ ನವೆಂಬರ್‌ನ ಮುಂಬಯಿ ದಾಳಿಯಿಂದ ಹೋಟೆಲು ಮತ್ತು ಪ್ರವಾಸೋದ್ಯಮ ತತ್ತರಿಸಿದಾಗ ವೈನು ತೊಟ್ಟಿಗಳಲ್ಲೇ ಉಳಿಯಿತು. ಹಲವು ವೈನರಿಗಳು ಹೊಸ ಫಸಲನ್ನು ಕೊಳ್ಳಲಿಲ್ಲ. ಪೇಟೆಗೆ ಒಯ್ಯಲಾಗದ ಹಣ್ಣನ್ನು ನೋಡುತ್ತಾ ಕುಳಿತ ಬೆಳೆಗಾರರು ಮುಂದಿನ ವರ್ಷಗಳಲ್ಲಿ ಬಳ್ಳಿಗಳನ್ನು ಕಿತ್ತು ತಿನ್ನುವ ದ್ರಾಕ್ಷಿಗೆ ಮರಳಿದರು.

ಸಣ್ಣ ಲೆಕ್ಕ

ವೈನ್ ದ್ರಾಕ್ಷಿಯ ಎಕರೆವಾರು ಇಳುವರಿಯನ್ನು ಗುಣಮಟ್ಟಕ್ಕಾಗಿ ಉದ್ದೇಶಪೂರ್ವಕವಾಗಿ ಕಡಿಮೆ ಇಡಲಾಗುತ್ತದೆ. ಎಕರೆಗೆ 5 ಟನ್ ಎಂದು ಹಿಡಿದರೆ, ಟನ್ನಿಗೆ ಸುಮಾರು 600 ಲೀಟರಿನಂತೆ 3,000 ಲೀಟರ್, ಎಂದರೆ 750 ಮಿಲಿಲೀಟರಿನ 4,000 ಬಾಟಲಿ. ವರ್ಷಕ್ಕೆ 1 ಲಕ್ಷ ಲೀಟರ್ ತಯಾರಿಸುವ ಸಣ್ಣ ವೈನರಿಗೆ 35 ಎಕರೆಗಿಂತ ಕಡಿಮೆ ತೋಟ ಸಾಕು. ಮೂರು ತಾಲೂಕುಗಳಲ್ಲಿ ಒಟ್ಟು 500 ಎಕರೆ ನೆಟ್ಟರೆ 15 ಲಕ್ಷ ಲೀಟರ್, 20 ಲಕ್ಷ ಬಾಟಲಿ. ಅಷ್ಟನ್ನು ಮಾರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ದೊರೆಯದೆ ಸಸಿ ತರುವುದು ಸಲ್ಲದು. ನೆಟ್ಟ ಬಳ್ಳಿ ಪೂರ್ಣ ಫಸಲಿಗೆ ಬರಲು ಮೂರು–ನಾಲ್ಕು ವರ್ಷ ಬೇಕಾಗುವುದರಿಂದ, ಇಂದಿನ ಬೇಡಿಕೆಯನ್ನು ನೋಡಿ ನೆಟ್ಟವನು ಅಂದಿನ ಮಾರುಕಟ್ಟೆಯಲ್ಲಿ ಮಾರುತ್ತಾನೆ. ಆ ಮಾರುಕಟ್ಟೆಯಲ್ಲಿ ಪೈಪೋಟಿ ಹೆಚ್ಚಿರುತ್ತದೆ. ಆಸ್ಟ್ರೇಲಿಯಾದೊಂದಿಗಿನ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಯಾದಾಗ, ಬಾಟಲಿಗೆ 5 ಡಾಲರಿಗಿಂತ ಮೇಲ್ಪಟ್ಟ ವೈನಿನ ಆಮದು ಸುಂಕ ಶೇಕಡಾ 150ರಿಂದ 100ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಅದು 50ಕ್ಕೆ ಇಳಿಯಬೇಕಾಗಿದೆ.

ತೆರಿಗೆಯ ವಿಷಯದಲ್ಲೂ ಒಂದು ಎಚ್ಚರಿಕೆ ಅಗತ್ಯ. ಕುಡಿಯುವ ಮದ್ಯವು ಜಿ.ಎಸ್.ಟಿ. ವ್ಯಾಪ್ತಿಯ ಹೊರಗಿದ್ದು ರಾಜ್ಯದ ಅಬಕಾರಿ ಕಾನೂನಿಗೆ ಒಳಪಟ್ಟಿದೆ. ಆದುದರಿಂದ ಬಾಟಲಿ, ತೊಟ್ಟಿ, ಶೀತಲಯಂತ್ರಗಳ ಮೇಲೆ ತೆತ್ತ ಜಿ.ಎಸ್.ಟಿ.ಯನ್ನು ವೈನಿನ ಮಾರಾಟದಲ್ಲಿ ಹೊಂದಿಸಿಕೊಳ್ಳಲು ಬರುವುದಿಲ್ಲ. ಅದು ನೇರವಾಗಿ ವೆಚ್ಚಕ್ಕೆ ಸೇರುತ್ತದೆ. ಬೇರೆ ರಾಜ್ಯಕ್ಕೆ ಕಳುಹಿಸಬೇಕಾದರೆ ಆ ರಾಜ್ಯದ ಅಬಕಾರಿ ನಿಯಮಗಳನ್ನು ಪ್ರತ್ಯೇಕವಾಗಿ ಪೂರೈಸಬೇಕು.

ಒಪ್ಪಂದ ಮತ್ತು ಪೂರಕ ಉದ್ದಿಮೆ

ಬೆಳೆಗಾರ ಮತ್ತು ವೈನರಿಗಳ ನಡುವಿನ ಕರಾರಿನಲ್ಲಿ ಕೆಲವು ಅಂಶಗಳು ಲಿಖಿತವಾಗಿಯೇ ಇರಬೇಕು: ವೈನಿನ ಬಗೆ ಮತ್ತು ಅದಕ್ಕೆ ತಕ್ಕ ಸಕ್ಕರೆ, ಹುಳಿಯ ಮಿತಿಗಳು, ಕೊಯ್ಲಿನ ದಿನವನ್ನು ನಿರ್ಧರಿಸುವವರು ಯಾರು ಎಂಬುದು, ವೈನರಿಯೇ ಕೊಯ್ಲನ್ನು ಮುಂದೂಡಿದರೆ ಇಳಿಯುವ ತೂಕದ ಹೊಣೆ, ಮಾದರಿ ಪರೀಕ್ಷೆ ನಡೆಯುವ ಸ್ಥಳ, ಕನಿಷ್ಠ ಎಷ್ಟು ವರ್ಷದ ಖರೀದಿ ಎಂಬ ಭರವಸೆ. ನಡುವೆ ನಿಂತು ವ್ಯವಹಾರ ಕುದುರಿಸುವ ವರ್ತಕರಿಗೂ ಈ ಕಾಗದವೇ ರಕ್ಷೆ. ತಾಂತ್ರಿಕ ಸಲಹೆಗಾಗಿ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ಪುಣೆ ಬಳಿಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರಗಳನ್ನು ಸಂಪರ್ಕಿಸಬಹುದು.

ಸಣ್ಣ ಉದ್ದಿಮೆದಾರರಿಗೆ ಬಳ್ಳಿ ನೆಡದೆಯೂ ಇದರಲ್ಲಿ ಪಾಲಿದೆ. ಚಪ್ಪರದ ಕಬ್ಬಿಣದ ಆಂಗಲ್ ಮತ್ತು ತಂತಿ, ಹನಿ ನೀರಾವರಿಯ ಸಾಮಗ್ರಿ, ಪ್ಲಾಸ್ಟಿಕ್ ಕ್ರೇಟು, ಉಕ್ಕಿನ ತೊಟ್ಟಿ, ಶೀತಲ ವಾಹನ, ರಟ್ಟಿನ ಪೆಟ್ಟಿಗೆ, ಲೇಬಲ್ ಇವೆಲ್ಲವೂ ಬೇಕಾದ ವಸ್ತುಗಳು. ಮುದ್ರಣಕ್ಕೆ ಹೆಸರಾದ ಗದಗ ನಗರ ದೂರವಿಲ್ಲ. ಈ ಸರಕುಗಳಿಗೆ ವಿಜಯಪುರ, ಬಾಗಲಕೋಟೆ, ಕೊಪ್ಪಳದ ತೋಟಗಳು ಇಂದೇ ಗಿರಾಕಿಗಳು. ಇವುಗಳಲ್ಲಿ ಹಣ ಹೂಡುವವರಿಗೆ ಅಕ್ಟೋಬರ್ ಮಳೆಯ ಭಯವಿಲ್ಲ.

ಒಟ್ಟಿನಲ್ಲಿ, ಎರೆಭೂಮಿಯ ನರಗುಂದ ಮತ್ತು ರೋಣಗಳಿಗಿಂತ ಗಜೇಂದ್ರಗಡದ ಮಸಾರಿ ಇಳಿಜಾರುಗಳು ಈ ಬೆಳೆಗೆ ಹತ್ತಿರವಾಗಿವೆ. ಅಲ್ಲಿಯೂ ಐದಾರು ಎಕರೆಯ ಪ್ರಾಯೋಗಿಕ ತೋಟದಲ್ಲಿ ಮೂರು ಸುಗ್ಗಿಗಳ ರಸವನ್ನು ಅಳೆದು, ಫೆಬ್ರುವರಿಯಲ್ಲಿ ಹುಳಿ ಎಷ್ಟು ಉಳಿಯುತ್ತದೆ ಎಂಬುದನ್ನು ಕಂಡುಕೊಂಡ ಮೇಲೆ ಮುಂದುವರಿಯುವುದೇ ವ್ಯಾಪಾರದ ಜಾಣತನ. ಹುಳಿ ಉಳಿದರೆ ಒಣ ವೈನು ಅಥವಾ ನೊರೆ ವೈನು, ಅರ್ಧ ಉಳಿದರೆ ಕೊಂಚ ಸಿಹಿಯ ತೊಟ್ಟಿ ವೈನು, ಉಳಿಯದಿದ್ದರೆ ಕಡಲೆ. ಕಡಲೆಗೆ ಪೇಟೆ ಇದ್ದೇ ಇದೆ.